ಒಂದು ಕುಟುಂಬಕ್ಕೆ ಮನೆ ಕಟ್ಟಿಸಿಕೊಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡಬೇಕು?

ಮಳೆಹನಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ಸಲಹೆ ಬೇಕಿತ್ತು.

ನಾವು ಒಂದೇ ಕಡೆ ಕೆಲಸ ಮಾಡುವ ಒಂಬತ್ತು ಜನ. ಮೂರು ವರ್ಷದಿಂದ ತಿಂಗಳು ತಿಂಗಳು ಸ್ವಲ್ಪ ದುಡ್ಡು ತೆಗೆದಿಡುತ್ತಾ ಬಂದಿದ್ದೇವೆ. ತೀರಾ ಕಷ್ಟದಲ್ಲಿರುವ ಒಂದು ಕುಟುಂಬಕ್ಕೆ ಮನೆ ಕಟ್ಟಿಸಿಕೊಡಬೇಕು ಅನ್ನುವುದು ಆಸೆ. ಈಗ ಒಂದು ಪುಟ್ಟ ಮನೆಗೆ ಆಗುವಷ್ಟು ಕೂಡಿದೆ.

ಕುಟುಂಬವೂ ಗೊತ್ತಾಗಿದೆ. ತಾಯಿ, ಅವರ ವಯಸ್ಸಾದ ಅತ್ತೆ, ಮೂರು ಮಕ್ಕಳು. ದೊಡ್ಡವಳಿಗೆ ಹದಿಮೂರು, ಚಿಕ್ಕವನಿಗೆ ಎರಡು. ಗಂಡ ತೀರಿಕೊಂಡು ಒಂದೂವರೆ ವರ್ಷ ಆಯಿತು. ಹಳೇ ತಗಡು, ಪ್ಲಾಸ್ಟಿಕ್ ಹಾಳೆ, ಹಲಗೆ ಸೇರಿಸಿ ಮಾಡಿಕೊಂಡ ಗುಡಿಸಲಲ್ಲಿ ಇದ್ದಾರೆ. ಮೊನ್ನೆ ನಾವು ಹೋದಾಗ ಮಳೆ ನಿಂತು ಎರಡು ದಿನ ಆಗಿತ್ತು, ಆದರೂ ಒಳಗಿನ ನೆಲ ಒದ್ದೆಯಾಗಿಯೇ ಇತ್ತು. ಚಿಕ್ಕವನು ಆ ನೆಲದ ಮೇಲೇ ಕೂತು ಆಡುತ್ತಿದ್ದ. ಬಾಗಿಲು ಅಂತ ಇರುವುದು ಒಂದು ತಗಡಿನ ತುಂಡು. ರಾತ್ರಿ ಒಳಗಿಂದ ಒಂದು ಕಲ್ಲು ಆನಿಸಿ ನಿಲ್ಲಿಸುತ್ತಾರೆ, ಅಷ್ಟೇ.

ನಮ್ಮಲ್ಲೇ ಒಂದೊಂದು ಮಾತು. ಇದ್ದದ್ದನ್ನು ಕಿತ್ತು ಹೊಸದಾಗಿ ಕಟ್ಟಿಸೋಣ ಅಂತ ಕೆಲವರು. ದುಡ್ಡನ್ನು ಯಾವುದಾದರೂ ದೊಡ್ಡ ಸಂಸ್ಥೆಗೆ ಕೊಟ್ಟುಬಿಡೋಣ ಅಂತ ಇನ್ನು ಕೆಲವರು. ಒಬ್ಬರು ತಮ್ಮ ಹಳೇ ಗೋದಾಮಿನ ಸಿಮೆಂಟ್ ಶೀಟುಗಳನ್ನು ಪುಕ್ಕಟೆ ಕೊಡುತ್ತೇನೆ ಅಂದಿದ್ದಾರೆ. ಕಟ್ಟಿದ ಮೇಲೆ ಗೋಡೆಗೆ ನಮ್ಮ ಹೆಸರಿನ ಫಲಕ ಹಾಕಿಸಿ ಫೋಟೋ ತೆಗೆಸಬೇಕು ಅಂತಲೂ ಮಾತು ಬಂದಿದೆ. ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಲೆಕ್ಕದವಳು:

ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ಹತ್ತು ವರ್ಷ ಇಂಥ ವಸತಿ ಯೋಜನೆಗಳ ದೇಣಿಗೆ ಲೆಕ್ಕ ನೋಡಿಕೊಂಡಿದ್ದೇನೆ. ದೊಡ್ಡ ಸಂಸ್ಥೆಗೆ ಕೊಡಬೇಕೋ ಬೇಡವೋ ಅನ್ನುವ ಮೊದಲು, ಬೇರೆ ಬೇರೆ ಕಡೆ ಏನೇನು ಮಾಡಿ ನೋಡಿದ್ದಾರೆ ಅಂತ ತಿಳಿದುಕೊಂಡರೆ ಒಳ್ಳೆಯದು.

ಎಲ್ಲರಿಗೂ ಗೊತ್ತಿರುವುದು ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ. 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರು ಮಾಡಿದ್ದು. ಅವರು ಹಾಕಿಕೊಂಡ ದಾರಿಯಲ್ಲಿ ಮನೆ ಪುಕ್ಕಟೆ ಸಿಗುವುದಿಲ್ಲ. ಲಾಭ ಇಲ್ಲದ, ಬಡ್ಡಿ ಇಲ್ಲದ ಸಾಲ. ಮನೆಯವರೂ ಸ್ವಯಂಸೇವಕರ ಜೊತೆ ನಿಂತು ದುಡಿಯಬೇಕು. ಕಟ್ಟಿದ ಕಂತು ಮುಂದಿನ ಮನೆಗೆ ಹೋಗುತ್ತದೆ. ಬಹಳ ಒಳ್ಳೆಯ ಪದ್ಧತಿ. ಆದರೆ ತಿಂಗಳಿಗೊಂದು ಕಂತು ಕಟ್ಟುವಷ್ಟು ಗಟ್ಟಿಯಾದ ದುಡಿಮೆ ಇರಬೇಕಲ್ವಾ? ನೀವು ಹೇಳುವ ತಾಯಿಗೆ ಅದು ಆಗದ ಮಾತು ಅನ್ನಿಸುತ್ತದೆ.

ತೀರಾ ಬಡವರಿಗೆ ಅಂತಲೇ ಕೆಲಸ ಮಾಡಿದವರು ಟೆಚೋ ಅನ್ನುವ ಸಂಸ್ಥೆಯವರು. ಚಿಲಿ ದೇಶದಲ್ಲಿ 1997ರಲ್ಲಿ ಶುರುವಾಗಿದ್ದು. 18 ಚದರ ಮೀಟರಿನ ಸಿದ್ಧ ಮರದ ಮನೆ. ಸ್ವಯಂಸೇವಕರೂ ಮನೆಯವರೂ ಸೇರಿ ಒಂದೆರಡು ದಿನದಲ್ಲಿ ನಿಲ್ಲಿಸಿಬಿಡುತ್ತಾರೆ. ಆ ಮನೆಗಳಲ್ಲಿ ನೀರಿನ ನಲ್ಲಿ ಇರಲಿಲ್ಲ, ಶೌಚಾಲಯವೂ ಇರಲಿಲ್ಲ. ಮೂರು ದೇಶಗಳಲ್ಲಿ ಸಂಶೋಧಕರು ಹೋಗಿ ನೋಡಿದಾಗ, ಮನೆ ಸಿಕ್ಕವರ ನೆಮ್ಮದಿ ಹೆಚ್ಚಿತ್ತು. ಎರಡು ದೇಶಗಳಲ್ಲಿ ಮಕ್ಕಳ ಆರೋಗ್ಯವೂ ಸುಧಾರಿಸಿತ್ತು. ದುಡಿಮೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಅಂದರೆ ಮನೆ ಕೊಟ್ಟ ಮಾತ್ರಕ್ಕೆ ಬಡತನ ಹೋಗುವುದಿಲ್ಲ. ಆದರೂ ನೆಮ್ಮದಿಯನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ.

ನನಗೆ ಇವತ್ತಿಗೂ ಮರೆಯದಿರುವುದು ಮೆಕ್ಸಿಕೋದ ನೆಲ. ಅದು ಸರ್ಕಾರದ್ದೇ ಯೋಜನೆ. ಕೊವಾವಿಲಾ ರಾಜ್ಯದಲ್ಲಿ 2000ದಲ್ಲಿ ಶುರುವಾಯಿತು, ಹೆಸರು ಪಿಸೋ ಫಿರ್ಮೆ. ಮನೆ ಕಟ್ಟಲಿಲ್ಲ, ಗೋಡೆ ಮುಟ್ಟಲಿಲ್ಲ. ಮಣ್ಣಿನ ನೆಲ ಇರುವ ಮನೆಗಳಿಗೆ ಸಿಮೆಂಟ್ ನೆಲ ಮಾತ್ರ ಹಾಕಿಕೊಟ್ಟರು. ಲಾರಿ ಬರುವ ಹೊತ್ತಿಗೆ ಮನೆಯವರು ಕೋಣೆ ಖಾಲಿ ಮಾಡಿ ನೆಲ ಹದ ಮಾಡಿಟ್ಟಿರಬೇಕು, ಅಷ್ಟೇ. ಮಣ್ಣಿನ ನೆಲ ಪೂರ್ತಿ ಹೋಗಿ ಸಿಮೆಂಟ್ ಬಂದರೆ ಚಿಕ್ಕ ಮಕ್ಕಳ ಹೊಟ್ಟೆಹುಳು ಶೇ. 78ರಷ್ಟು, ಭೇದಿ ಶೇ. 49ರಷ್ಟು, ರಕ್ತಹೀನತೆ ಶೇ. 81ರಷ್ಟು ಕಡಿಮೆಯಾಗುತ್ತದೆ ಅಂತ 2009ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತು. ತಾಯಂದಿರ ಮನಸ್ಸಿನ ಒತ್ತಡವೂ ಇಳಿದಿತ್ತು. ನಿಮ್ಮ ಆ ಎರಡು ವರ್ಷದ ಮಗು ಒದ್ದೆ ನೆಲದ ಮೇಲೆ ಕೂತಿತ್ತು ಅಂದಿರಲ್ಲ, ಓದಿದ ಕೂಡಲೇ ನೆನಪಾಗಿದ್ದು ಇದೇ.

ಗಾರೆಕೈ:

ಮಳೆಹನಿ ಅವರೇ, ನೀವು ಎಲ್ಲ ಬರೆದಿದ್ದೀರಿ. ಒಂದು ವಿಷಯ ಮಾತ್ರ ಬರೆದಿಲ್ಲ. ಆ ಜಾಗ ಯಾರದು?

ಮೊದಲು ನನ್ನ ಬಗ್ಗೆ ಎರಡು ಮಾತು. ಹದಿನಾರನೇ ವಯಸ್ಸಿಗೆ ಬಾಂಡ್ಲಿ ಹೊರಲು ಹೋದವಳು ನಾನು. ಆಮೇಲೆ ಗಾರೆ ಕೆಲಸ ಕಲಿತೆ. ಹದಿನಾಲ್ಕು ವರ್ಷದಿಂದ ಬಡವರಿಗೆ ಮನೆ ಕಟ್ಟಿಕೊಡುವ ಗುಂಪುಗಳ ಜೊತೆ ಮೇಸ್ತ್ರಿಯಾಗಿ ಕೆಲಸ ಮಾಡುತ್ತಿದ್ದೇನೆ. ನಾನು ಹುಟ್ಟಿ ಬೆಳೆದದ್ದೂ ನೀವು ಹೇಳಿದಂಥ ಗುಡಿಸಲಲ್ಲೇ.

ನಾವು ಕಟ್ಟಿಕೊಟ್ಟ ಮೊದಲನೇ ಮನೆಯ ಕತೆ ಕೇಳಿ. ಪಾಯ ಗಟ್ಟಿ, ಗೋಡೆ ನೆಟ್ಟಗೆ, ಬಣ್ಣ ಹೊಡೆದು ಬೀಗದ ಕೈ ಕೊಟ್ಟೆವು. ಜಾಗ ಯಜಮಾನನ ಅಣ್ಣನದು. "ನಮ್ಮವರೇ ಅಲ್ವಾ, ಇರಲಿ ಬಿಡಿ" ಅಂತ ಬಾಯಲ್ಲಿ ಹೇಳಿದ್ದರು. ನಾವೂ ನಂಬಿದೆವು. ಎರಡು ವರ್ಷಕ್ಕೆ ಅಣ್ಣನ ಮಗನಿಗೆ ಮದುವೆ ಆಯಿತು. ಇವರನ್ನು ಹೊರಗೆ ಕಳಿಸಿ ಅವನು ಸಂಸಾರ ಹೂಡಿದ. ನಾನು ನೋಡಲು ಹೋದಾಗ ಆ ಹೆಣ್ಣುಮಗಳು ಮತ್ತೆ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತಿದ್ದರು. ನನ್ನನ್ನು ಕಂಡು ಅವರೇ ನಾಚಿಕೊಂಡರು, ನಾವು ಕೊಟ್ಟದ್ದನ್ನು ಕಳೆದುಕೊಂಡೆ ಅಂತ. ತಪ್ಪು ನಮ್ಮದು. ಚೆಂದದ ಮನೆ ಇದ್ದದ್ದಕ್ಕೇ ಆ ಜಾಗದ ಮೇಲೆ ಕಣ್ಣು ಬಿತ್ತು. ಗುಡಿಸಲೇ ಇದ್ದಿದ್ದರೆ ಬಹುಶಃ ಯಾರೂ ಎಬ್ಬಿಸುತ್ತಿರಲಿಲ್ಲ.

ವಿಶ್ವಸಂಸ್ಥೆಯ ಸಮಿತಿಯೊಂದು 1991ರಲ್ಲಿ ತಕ್ಕ ವಸತಿ ಅಂದರೆ ಏನು ಅಂತ ಏಳು ಅಂಶ ಬರೆದಿಟ್ಟಿತು. ಅದರಲ್ಲಿ ಮೊದಲನೆಯದು ಗೋಡೆಯೂ ಅಲ್ಲ, ಮಾಡೂ ಅಲ್ಲ. ಎಬ್ಬಿಸುವ ಭಯ ಇಲ್ಲದೆ ಇರುವ ಹಕ್ಕು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಮನೆ ಸಾಲ ಕೊಡುವಾಗ ಜಾಗದ ಹಕ್ಕು ಸಾಲ ತೆಗೆದುಕೊಳ್ಳುವ ಸದಸ್ಯೆಯ ಹೆಸರಿಗೆ ಆಗಬೇಕು ಅಂತ ಕಟ್ಟುನಿಟ್ಟು ಮಾಡಿತ್ತು. ಸದಸ್ಯರಲ್ಲಿ ಬಹುತೇಕ ಎಲ್ಲರೂ ಹೆಂಗಸರು. ಅವರು ಕೊಡುತ್ತಿದ್ದ ಸಾಮಾನು ಬಹಳ ಸರಳ: ನಾಲ್ಕು ಕಾಂಕ್ರೀಟ್ ಕಂಬ, ಶೌಚಾಲಯಕ್ಕೆ ಒಂದು ಚಪ್ಪಡಿ, ಮಾಡಿಗೆ ತಗಡು. ಗೋಡೆಯನ್ನು ಮನೆಯವರು ತಮಗೆ ಸಿಕ್ಕಿದ್ದರಲ್ಲಿ ಮಾಡಿಕೊಳ್ಳಬೇಕು. 1989ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ನನಗೆ ಆ ನಾಲ್ಕು ಕಂಬಕ್ಕಿಂತ ಹೆಂಗಸಿನ ಹೆಸರಿನ ಆ ಒಂದು ಕಾಗದವೇ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಮೊದಲು ಜಾಗದ ಕಾಗದ ನೋಡಿ. ತಾಯಿಯ ಹೆಸರಿಗೆ ಆಗುವ ದಾರಿ ಇದ್ದರೆ ನಿಮ್ಮ ದುಡ್ಡಿನಲ್ಲಿ ಸ್ವಲ್ಪ ಅದಕ್ಕೇ ಖರ್ಚಾಗಲಿ, ಬೇಜಾರು ಮಾಡಿಕೊಳ್ಳಬೇಡಿ. ಆ ದಾರಿ ಇಲ್ಲವೆಂದರೆ ಪಾಯ ತೋಡಬೇಡಿ. ಕಿತ್ತು ಬೇರೆ ಕಡೆ ಒಯ್ಯಬಹುದಾದ್ದನ್ನು ಮಾತ್ರ ಮಾಡಿಕೊಡಿ. ಬೋಲ್ಟ್ ಹಾಕಿ ನಿಲ್ಲಿಸುವ ಚೌಕಟ್ಟು, ಚೌಕಟ್ಟಿನ ಸಮೇತ ಬಾಗಿಲು, ಒಳ್ಳೇ ತಗಡು, ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟಣೆ.

ಇನ್ನು ಆ ಗೋದಾಮಿನ ಶೀಟು. ಹಳೇ ಸಿಮೆಂಟ್ ಶೀಟು ಅಂದರೆ ಹೆಚ್ಚಾಗಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕತ್ತರಿಸುವಾಗ, ತೂತು ಹೊಡೆಯುವಾಗ, ಹಳೆಯದು ಮುರಿಯುವಾಗ ಕಣ್ಣಿಗೆ ಕಾಣದ ನಾರಿನ ಧೂಳು ಏಳುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ, ಅವರಿಗೆ ನೋವಾಗದಂತೆ ಬೇಡ ಅನ್ನಿ. ನಮ್ಮ ಮನೆಗೆ ಹಾಕಿಕೊಳ್ಳದ್ದನ್ನು ಅವರ ಮಕ್ಕಳ ತಲೆಯ ಮೇಲೆ ಹಾಕುವುದು ಬೇಡ.

ತಗಡಿನ ಮಾಡು ಮಾಡಿಸಿದರೆ ಮೇಸ್ತ್ರಿಯ ಪಕ್ಕ ನಿಂತು ಒಂದೆರಡು ಕೆಲಸ ನೋಡಿ. ಗಾಳಿ ಬಂದಾಗ ಮಾಡು ಕುಸಿಯುವುದಕ್ಕಿಂತ ಎದ್ದು ಹಾರುವುದೇ ಜಾಸ್ತಿ. ಅಂಚಿನಲ್ಲಿ, ಮೂಲೆಯಲ್ಲಿ, ನೆತ್ತಿಯಲ್ಲಿ ಎಳೆತ ಹೆಚ್ಚು. ಅಲ್ಲಿ ಬೋಲ್ಟು ಹತ್ತಿರ ಹತ್ತಿರ ಬರಬೇಕು. ತಗಡಿನ ಉಬ್ಬಿನ ಮೇಲೆ ತೂತು ಹೊಡೆದು ರಬ್ಬರ್ ವಾಷರ್ ಹಾಕಿ ಬಿಗಿಯಬೇಕು. ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲೇ ಹರಿದು ಒಳಗೆ ಸೋರುತ್ತದೆ. ಮಾಡನ್ನು ಹೊರುವ ತೀರು ಸುಮ್ನೆ ಗೋಡೆಯ ಮೇಲೆ ಕೂತಿರಬಾರದು, ಕಬ್ಬಿಣದ ಪಟ್ಟಿಯಿಂದ ಕೆಳಗಿನ ಕಂಬಕ್ಕೆ ಕಟ್ಟಿರಬೇಕು. ಬಣ್ಣಕ್ಕೆ ಇಟ್ಟ ದುಡ್ಡನ್ನು ಈ ಪಟ್ಟಿಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಒಲೆ ಎಲ್ಲಿದೆ ನೋಡಿದಿರಾ? ಒಳಗೆ ಸೌದೆ ಉರಿಸುತ್ತಿದ್ದರೆ ಹೊಗೆ ಹೋಗುವ ದಾರಿ ಬೇಕು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎದುರುಬದುರು ಎರಡು ಬೆಳಕಿಂಡಿ ಬಿಟ್ಟರೂ ಎಷ್ಟೋ ವಾಸಿ.

ಈಗ ಬಾಗಿಲಿನ ವಿಷಯ. ಆ ಕಲ್ಲು ಆನಿಸುವ ಮಾತು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ಗುಡಿಸಲಿಗೂ ಅಗುಳಿ ಇರಲಿಲ್ಲ. ಅಪ್ಪ ಕೆಲಸಕ್ಕೆ ಅಂತ ದೂರ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದಳು. ಕಾಲು ಚಾಚಿ ನಮ್ಮ ಮೇಲೆ ಇಟ್ಟಿರುತ್ತಿದ್ದಳು, ನಾವು ಅಲುಗಾಡಿದರೆ ಗೊತ್ತಾಗಲಿ ಅಂತ. ಅವಳು ನೆಲಕ್ಕೆ ಬೆನ್ನು ಹಚ್ಚಿ ಮಲಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಬಾಗಿಲಿಗೆ ಚಿಲಕ ಇರುವ ಒಂದು ಬಾಡಿಗೆ ಕೋಣೆಗೆ ಬಂದ ಮೇಲೆ. ಆ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ ಇದ್ದಾಳೆ. ನೀವು ಹೊಸದು ಕಟ್ಟಿಸುವುದು ಯಾವಾಗಲಾದರೂ ಆಗಲಿ, ಬಾಗಿಲು ಈ ವಾರವೇ ಆಗಲಿ.

ಫಲಕ ಬೇಡ. ಆ ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವಂತಿರಬೇಕು.

ಹಳೇಹಾದಿ:

ಗಾರೆಕೈ ಮೇಡಂ ಹೇಳಿದ್ದು ಸರಿ ಇದೆ. ಆದರೆ ನಮಗೆ ಆದ ಅನುಭವವನ್ನೂ ಹೇಳಬೇಕು. ನಮ್ಮ ಬಳಗ ಆರು ಕುಟುಂಬಗಳಿಗೆ ಮನೆ ಕಟ್ಟಿಸಿತ್ತು. ಜಾಗವೂ ನಾವೇ ಕೊಂಡಿದ್ದೆವು, ಕಾಗದವೂ ಅವರ ಹೆಸರಿಗೇ ಮಾಡಿಸಿದ್ದೆವು. ಒಂದು ವರ್ಷದೊಳಗೆ ನಾಲ್ಕು ಮನೆ ಬಾಡಿಗೆಗೆ ಹೋದವು. ಮನೆಯವರು ಮತ್ತೆ ಹಳೇ ಗುಡಿಸಲಿಗೆ ವಾಪಸ್. ಬಹಳ ನೋವಾಯಿತು. ಆಮೇಲೆ ಯಾರೂ ದುಡ್ಡು ಕೊಡಲು ಮುಂದೆ ಬರಲಿಲ್ಲ. ಬಾಡಿಗೆಗೆ ಕೊಡಬಾರದು, ಮಾರಬಾರದು ಅಂತ ಮೊದಲೇ ಕರಾರು ಬರೆಸಿಕೊಳ್ಳಿ ಅನ್ನುತ್ತೇನೆ.

ಗಾರೆಕೈ:

ಸಾರ್, ನಿಮ್ಮ ನೋವು ಅರ್ಥ ಆಗುತ್ತದೆ. ಒಂದು ಕೇಳಲಾ? ಹೊಸ ಜಾಗ ಅವರ ಕೆಲಸದ ಜಾಗದಿಂದ ಎಷ್ಟು ದೂರ ಇತ್ತು?

ಹಳೇಹಾದಿ:

ದೂರವೇ. ಕಡಿಮೆ ಬೆಲೆಗೆ ಸಿಕ್ಕಿದ್ದು ಅಲ್ಲೇ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು.

ಗಾರೆಕೈ:

ಅಲ್ಲೇ ಇರುವುದು ಸಾರ್. ಅವರು ಮನೆ ಬೇಡ ಅಂತ ಬಿಟ್ಟು ಹೋಗಲಿಲ್ಲ, ದಿನದ ಕೂಲಿ ಇರುವ ಕಡೆಗೆ ಹೋದರು. ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ನಿಲ್ಲಬೇಕಾದವರಿಗೆ ಏಳು ಗಂಟೆಯ ಬಸ್ಸು ಏನು ಮಾಡೀತು? ನಾನು ಹೇಳಿದ ಆ ಏಳು ಅಂಶಗಳಲ್ಲಿ ಜಾಗ ಎಲ್ಲಿದೆ ಅನ್ನುವುದೂ ಒಂದು. ಕರಾರು ಬರೆಸಿಕೊಂಡಿದ್ದರೆ ಮನೆಗಳು ಖಾಲಿ ಬಿದ್ದಿರುತ್ತಿದ್ದವು. ಈಗ ಬಾಡಿಗೆಯಾದರೂ ಅವರ ಕೈ ಸೇರುತ್ತಿದೆ. ನೀವು ಮಾಡಿದ್ದು ದಂಡ ಆಯಿತು ಅಂತ ಅಂದುಕೊಳ್ಳಬೇಡಿ.

ಚಿಲಿಯ ಇಕಿಕೆ ಊರಿನಲ್ಲಿ ನೂರರ ಹತ್ತಿರ ಕುಟುಂಬಗಳಿಗೆ ಇದೇ ಪ್ರಶ್ನೆ ಎದುರಾಗಿತ್ತು. ಊರ ನಡುವಿನ ಜಾಗ ದುಬಾರಿ, ಇದ್ದ ದುಡ್ಡು ಕಡಿಮೆ. ಅಲೆಹಾಂದ್ರೋ ಅರವೇನಾ ಅನ್ನುವ ವಾಸ್ತುಶಿಲ್ಪಿ ತಮ್ಮ ತಂಡದ ಜೊತೆ ಅವರನ್ನು ಅಲ್ಲೇ ಉಳಿಸಿ, ಅರ್ಧ ಮನೆ ಕಟ್ಟಿದರು. ಅಡುಗೆಮನೆ, ಬಚ್ಚಲು, ಮೆಟ್ಟಿಲು, ಮಾಡಿನಂಥ ಕಷ್ಟದ ಅರ್ಧ. ಉಳಿದ ಅರ್ಧಕ್ಕೆ ಪಕ್ಕದಲ್ಲೇ ಖಾಲಿ ಜಾಗ ಬಿಟ್ಟರು. ಕೈಗೆ ದುಡ್ಡು ಬಂದ ಹಾಗೆ ಜನ ತಾವೇ ಕಟ್ಟಿಕೊಂಡರು. ಅರವೇನಾ ಅವರಿಗೆ 2016ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ದೂರದಲ್ಲಿ ಪೂರ್ತಿ ಮನೆಗಿಂತ ಕೆಲಸದ ಹತ್ತಿರ ಅರ್ಧ ಮನೆಯೇ ಮೇಲು ಅನ್ನುವವಳು ನಾನು.

ಮಳೆಹನಿ ಅವರೇ, ನೀವು ಇನ್ನೊಮ್ಮೆ ಹೋಗಿ. ಈ ಸಲ ಒಂದು ಹಗ್ಗದ ಸುರುಳಿ, ನಾಲ್ಕು ಗೂಟ ತೆಗೆದುಕೊಂಡು ಹೋಗಿ. ನೀವು ಅಂದುಕೊಂಡಿರುವ ಮನೆಯನ್ನು ನೆಲದ ಮೇಲೆ ಅಷ್ಟೇ ಅಳತೆಗೆ ಹಗ್ಗ ಎಳೆದು ತೋರಿಸಿ. ತಾಯಿ, ಅತ್ತೆ, ದೊಡ್ಡ ಹುಡುಗಿ ಮೂವರೂ ಒಳಗೆ ಓಡಾಡಲಿ. ಕಾಗದದ ನಕ್ಷೆ ತೋರಿಸಿದರೆ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಹಗ್ಗದೊಳಗೆ ನಿಂತರೆ ಬಾಯಿ ಬಿಡುತ್ತಾರೆ.

ಮಳೆಹನಿ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಭಾನುವಾರ ಹೋಗಿದ್ದೆವು.

ಜಾಗ ಅವರದಲ್ಲ. ಯಾರೋ ಒಬ್ಬರದು, ಬಾಯಿಮಾತಿನ ಮೇಲೆ ಇದ್ದಾರೆ. ಇದನ್ನು ನಾವು ಕೇಳಿಯೇ ಇರಲಿಲ್ಲ. ಇನ್ನೊಂದು ತಿಂಗಳಿಗೆ ಪಾಯ ತೋಡಿಸುವವರಿದ್ದೆವು.

ಹಗ್ಗ ಎಳೆದೆವು. ಅತ್ತೆ ಮೊದಲು ಒಳಗೆ ಬಂದು, ಶೌಚಾಲಯ ಅಂತ ಗುರುತು ಮಾಡಿದ್ದ ಕಡೆ ಹೋಗಿ ನಿಂತು, "ರಾತ್ರಿ ಇಲ್ಲಿಗೆ ಬರಬೇಕಾದರೆ ಹೊರಗೆ ಇಳಿಯಬೇಕಾ?" ಅಂತ ಕೇಳಿದರು. ನಾವು ಅದನ್ನು ಹಿಂದುಗಡೆ ಬೇರೆಯಾಗಿ ಇಟ್ಟಿದ್ದೆವು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕಿಟಕಿ ರಸ್ತೆ ಕಡೆ ಬೇಡ ಅಂದರು. ಹುಡುಗಿ ಒಂದು ಮೂಲೆ ತೋರಿಸಿ ಇಲ್ಲಿ ಒಂದು ಗೂಡು ಮಾಡಿಕೊಡುತ್ತೀರಾ, ಪುಸ್ತಕ ನೆನೆಯದ ಹಾಗೆ ಇಡಲು ಅಂದಳು.

ಈಗ ನಮ್ಮ ತೀರ್ಮಾನ ಹೀಗಿದೆ. ಹತ್ತಿರದಲ್ಲೇ ಅವರ ಹೆಸರಿಗೆ ಒಂದು ತುಂಡು ಜಾಗ ಆಗುವ ತನಕ ಕಟ್ಟುವುದಿಲ್ಲ. ಕಾಗದದ ಓಡಾಟಕ್ಕೆ ನಮ್ಮಲ್ಲಿ ಇಬ್ಬರು ನಿಂತಿದ್ದಾರೆ. ಅಲ್ಲಿಯವರೆಗೆ ಹೊಸ ತಗಡು, ಬೋಲ್ಟಿನ ಚೌಕಟ್ಟು, ಮಲಗಲು ಒಂದಡಿ ಎತ್ತರದ ಹಲಗೆಯ ಅಟ್ಟಣೆ. ಶೀಟು ಕೊಡುತ್ತೇನೆ ಅಂದವರಿಗೆ ವಿಷಯ ಹೇಳಿದೆವು. ಅವರೇ ಅಟ್ಟಣೆಯ ಖರ್ಚು ನನ್ನದು ಅಂದರು. ಫಲಕದ ಮಾತು ಮತ್ತೆ ಬರಲಿಲ್ಲ.

ಬಾಗಿಲು ಮಾತ್ರ ಕಾಯಲಿಲ್ಲ. ನಿನ್ನೆ ಸಂಜೆ ಕೂರಿಸಿದೆವು. ಬಡಗಿ ಹೊರಟ ಮೇಲೂ ದೊಡ್ಡ ಹುಡುಗಿ ಒಳಗಿಂದ ಅಗುಳಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಲೇ ಇದ್ದಳು.

ಗಾರೆಕೈ:

ಬಹಳ ಸಂತೋಷ ಆಯಿತು. ಅಗುಳಿ ಎಷ್ಟು ಎತ್ತರದಲ್ಲಿದೆ? ಅತ್ತೆಯ ಕೈಗೆ ಸಿಗಬೇಕು, ಚಿಕ್ಕವನ ಕೈಗೆ ಸಿಗಬಾರದು. ಒಬ್ಬನೇ ಒಳಗಿದ್ದಾಗ ಹಾಕಿಕೊಂಡುಬಿಟ್ಟರೆ ತೆಗೆಯಲು ಬರುವುದಿಲ್ಲ. ಮತ್ತೆ ಅದನ್ನು ಸ್ಕ್ರೂನಲ್ಲಿ ಕೂರಿಸಿದ್ದಾರೋ ಬೋಲ್ಟಿನಲ್ಲೋ ನೋಡಿ. ಮರ ನೆನೆದು ಒಣಗಿದರೆ ಸ್ಕ್ರೂ ಸಡಿಲ ಆಗುತ್ತದೆ, ಜೋರಾಗಿ ತಳ್ಳಿದರೆ ಕಿತ್ತು ಬರುತ್ತದೆ. ಬಾಗಿಲಿನ ಆಚೆಗೆ ದಾಟುವ ಬೋಲ್ಟು ಹಾಕಿಸಿ, ನಟ್ಟು ಒಳಗಡೆ ಬರಲಿ.